ದಾರಿಯಲ್ಲಾದ ನಷ್ಟ ಯಾರದು? ಸಣ್ಣ ಆನ್‌ಲೈನ್ ಅಂಗಡಿ ಮತ್ತು ಸಾಗಣೆ ವಿಮೆ

ಚನ್ನಪಟ್ಟಣದ ಗೊಂಬೆ, ಇಳಕಲ್ ಸೀರೆ, ಶಿರಸಿ-ಸಾಗರ ಸೀಮೆಯ ಅಪ್ಪೆಮಿಡಿ ಉಪ್ಪಿನಕಾಯಿ, ಕೊಡಗಿನ ಜೇನು, ಬೀದರಿನ ಬಿದರಿ ಹೂಜಿ. ಹಿಂದೆ ಇವು ಬೇಕೆಂದರೆ ಆ ಊರಿಗೆ ಹೋಗಬೇಕಿತ್ತು, ಇಲ್ಲವೇ ಹೋಗಿಬರುವವರ ಕೈಲಿ ತರಿಸಬೇಕಿತ್ತು. ಈಗ ಮಾಡುವವರೇ ಮಾರುತ್ತಿದ್ದಾರೆ. ಫೋಟೊ ಇನ್‌ಸ್ಟಾಗ್ರಾಂನಲ್ಲಿ, ಮಾತುಕತೆ ವಾಟ್ಸ್ಯಾಪ್‌ನಲ್ಲಿ, ಹಣ ಯುಪಿಐನಲ್ಲಿ, ಸರಕು ಕೊರಿಯರ್‌ನಲ್ಲಿ. ಸ್ವಲ್ಪ ಬೆಳೆದವರು ಸ್ವಂತ ವೆಬ್‌ಸೈಟ್ ಮಾಡಿಕೊಂಡಿದ್ದಾರೆ. ಗಂಡ ಹೆಂಡತಿ ಸೇರಿ ನಡೆಸುವ, ಮನೆಯ ಪಡಸಾಲೆಯೇ ಗೋದಾಮಾಗಿರುವ ಇಂಥ ಅಂಗಡಿಗಳಿಗೆ ವ್ಯಾಪಾರ ಕುದುರಿದ ಕೆಲವೇ ತಿಂಗಳಲ್ಲಿ ಒಂದು ಪ್ರಶ್ನೆ ಎದುರಾಗುತ್ತದೆ. ಕಳಿಸಿದ ಪಾರ್ಸೆಲ್ ಕಳೆದುಹೋದರೆ, ಒಡೆದುಹೋದರೆ, ನೆನೆದುಹೋದರೆ ಆ ನಷ್ಟ ಯಾರ ಲೆಕ್ಕಕ್ಕೆ?

ಇದಕ್ಕೆ ಸಿದ್ಧ ಉತ್ತರವೊಂದು ಈಗ ಚಾಲ್ತಿಯಲ್ಲಿದೆ. ಹಣ ಕಟ್ಟುವ ಪುಟದಲ್ಲಿ ‘ಸುರಕ್ಷಿತ ಸಾಗಣೆಗೆ 30 ರೂಪಾಯಿ ಸೇರಿಸಿ’ ಎಂದು ಒಂದು ಚೌಕ ಇಟ್ಟುಬಿಡುವುದು. ಕಟ್ಟಿದವರಿಗೆ ರಕ್ಷಣೆ, ಕಟ್ಟದವರಿಗೆ ಅವರ ಅದೃಷ್ಟ. ನೋಡಲು ನ್ಯಾಯವಾಗಿಯೇ ಕಾಣುವ ಈ ಏರ್ಪಾಡು ನಿಜಕ್ಕೂ ನ್ಯಾಯವೇ? ಕಾನೂನು ಇದನ್ನು ಒಪ್ಪುತ್ತದೆಯೇ? ಅಂಗಡಿಗೆ ಇದರಿಂದ ಲಾಭವಿದೆಯೇ? ಹಳೆಯ ಅಂಚೆ ಪಾರ್ಸೆಲ್ಲಿನಿಂದ ಇಂದಿನ ಗ್ರಾಹಕ ನಿಯಮಗಳವರೆಗೆ ಈ ಇಡೀ ಪ್ರಶ್ನೆಯನ್ನು ಒಮ್ಮೆ ಹರಡಿಕೊಂಡು ನೋಡುವ ಪ್ರಯತ್ನ ಇದು.

ಹಳೆಯ ಏರ್ಪಾಡು

ಕಾಣದ ಗಿರಾಕಿಗೆ ಸರಕು ಕಳಿಸುವ ವ್ಯಾಪಾರ ಇಂಟರ್ನೆಟ್ಟಿನಿಂದ ಶುರುವಾದದ್ದಲ್ಲ. ಭಾರತದ ಅಂಚೆ ಇಲಾಖೆ 1877ರಲ್ಲಿಯೇ ವಿಪಿಪಿ (ವ್ಯಾಲ್ಯೂ ಪೇಯಬಲ್ ಪೋಸ್ಟ್) ಆರಂಭಿಸಿತು. ಪುಸ್ತಕ, ಔಷಧಿ, ಗಡಿಯಾರ, ಬಟ್ಟೆ ಅಂಚೆಯಲ್ಲಿ ಬರುತ್ತಿದ್ದವು. ಪೋಸ್ಟ್‌ಮ್ಯಾನ್ ಕೈಗೆ ಹಣ ಕೊಟ್ಟು ಬಿಡಿಸಿಕೊಳ್ಳುತ್ತಿದ್ದರು. ಇಂದಿನ ಕ್ಯಾಶ್ ಆನ್ ಡೆಲಿವರಿಯ ಹಿರಿಯಣ್ಣ ಅದು. ಹಣದ ಭಯಕ್ಕೆ ವಿಪಿಪಿ ಉತ್ತರವಾದರೆ, ದಾರಿಯ ಭಯಕ್ಕೆ ವಿಮಾ ಅಂಚೆ ಉತ್ತರವಾಗಿತ್ತು. ಬೆಲೆಬಾಳುವ ಪಾರ್ಸೆಲ್ಲನ್ನು ಬಟ್ಟೆ ಸುತ್ತಿ ಹೊಲಿದು, ಹೊಲಿಗೆಯ ಮೇಲೆ ಅರಗಿನ ಮುದ್ರೆ ಒತ್ತಿ, ಬೆಲೆಯನ್ನು ಅಕ್ಷರದಲ್ಲೂ ಅಂಕಿಯಲ್ಲೂ ಬರೆದು, ಅದಕ್ಕೆ ತಕ್ಕ ಶುಲ್ಕ ಕಟ್ಟಬೇಕಿತ್ತು. ಮುದ್ರೆ ಒಡೆದಿದ್ದರೆ ಒಳಗೆ ಕೈಯಾಡಿದೆ ಎಂಬುದಕ್ಕೆ ಅದೇ ಸಾಕ್ಷಿ.

ಆ ಏರ್ಪಾಡಿನಲ್ಲಿ ಒಂದು ಅಂಶವನ್ನು ಗಮನಿಸಬೇಕು. ವಿಮೆ ಮಾಡಿಸುತ್ತಿದ್ದವರು ಕಳಿಸುವವರು. ಪ್ಯಾಕ್ ಮಾಡುವುದು, ಬೆಲೆ ಘೋಷಿಸುವುದು, ರಸೀದಿ ಇಟ್ಟುಕೊಳ್ಳುವುದು ಅವರ ಕೆಲಸವಾದ್ದರಿಂದ ವಿಮೆಯೂ ಅವರ ಕೆಲಸವಾಗಿತ್ತು. ಪಡೆಯುವವರ ಮುಂದೆ ಈ ಪ್ರಶ್ನೆ ಬರುತ್ತಲೇ ಇರಲಿಲ್ಲ. ಗಿರಾಕಿಯೇ ತನ್ನ ಪಾರ್ಸೆಲ್ಲಿಗೆ ಪ್ರತ್ಯೇಕವಾಗಿ ವಿಮೆ ಕೊಳ್ಳಲಿ ಎಂಬ ಪದ್ಧತಿ ಆನ್‌ಲೈನ್ ಚೆಕ್‌ಔಟ್ ಪುಟದ ಜೊತೆಗೆ ಬಂದದ್ದು.

ಎರಡು ಕಾನೂನು, ಎರಡು ದಿಕ್ಕು

ನಷ್ಟ ಯಾರದು ಎಂಬುದಕ್ಕೆ ನಮ್ಮ ದೇಶದ ಹಳೆಯ ಕಾನೂನು ಮತ್ತು ಹೊಸ ಕಾನೂನು ಬೇರೆ ಬೇರೆ ದಿಕ್ಕಿಗೆ ಕೈ ತೋರಿಸುತ್ತವೆ. 1930ರ ಸರಕು ಮಾರಾಟ ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಸರಕಿನ ಒಡೆತನ ಯಾರದೋ ಅಪಾಯವೂ ಅವರದು. 39ನೇ ಸೆಕ್ಷನ್ನಿನ ಪ್ರಕಾರ, ಗಿರಾಕಿಗೆ ತಲುಪಿಸಲೆಂದು ಸರಕನ್ನು ಸಾಗಿಸುವವರ ವಶಕ್ಕೆ ಕೊಟ್ಟರೆ ಮೇಲ್ನೋಟಕ್ಕೆ ಗಿರಾಕಿಗೇ ಕೊಟ್ಟ ಹಾಗೆ. ಇವೆರಡನ್ನೂ ಸೇರಿಸಿ ಓದಿದರೆ, ಕೊರಿಯರ್ ಹುಡುಗ ಪಾರ್ಸೆಲ್ ಎತ್ತಿಕೊಂಡ ಕ್ಷಣಕ್ಕೆ ಅಂಗಡಿಯ ಹೊಣೆ ಮುಗಿಯಿತು ಎಂದು ವಾದಿಸಬಹುದು. ‘ಡಿಸ್‌ಪ್ಯಾಚ್ ಆದ ಮೇಲೆ ನಾವು ಜವಾಬ್ದಾರರಲ್ಲ’ ಎಂದು ಎಷ್ಟೋ ಅಂಗಡಿಗಳು ಬರೆದುಕೊಳ್ಳುವುದರ ಹಿಂದೆ ಇರುವುದು ಇದೇ ತರ್ಕ.

ಆದರೆ ಆ ಕಾಯ್ದೆ ಮನಸ್ಸಿನಲ್ಲಿಟ್ಟುಕೊಂಡದ್ದು ಇಬ್ಬರು ವರ್ತಕರ ನಡುವಿನ ವ್ಯವಹಾರವನ್ನು. ಕೊಳ್ಳುವವರಿಗೂ ಲಾರಿ ಕಂಪನಿ, ವಿಮಾ ಏಜೆಂಟ್ ಗೊತ್ತಿರುತ್ತಿದ್ದ ಕಾಲ ಅದು. ಅಲ್ಲಿಯೂ ಮಾರುವವರಿಗೆ ಪೂರ್ತಿ ಬಿಡುಗಡೆ ಇಲ್ಲ. ಸರಕಿನ ಸ್ವರೂಪಕ್ಕೆ ತಕ್ಕ ಸಾಗಣೆ ಒಪ್ಪಂದವನ್ನು ಅವರು ಮಾಡಿಕೊಳ್ಳಬೇಕು. ಮಾಡಿಕೊಳ್ಳದೆ ಸರಕು ಹಾಳಾದರೆ, ಅದನ್ನು ತನಗೆ ತಲುಪಿದ ಸರಕೆಂದು ಒಪ್ಪದಿರಲು ಕೊಂಡವರಿಗೆ ಹಕ್ಕಿದೆ. ಸಮುದ್ರದ ದಾರಿಯಾದರೆ, ಕೊಂಡವರು ವಿಮೆ ಮಾಡಿಸಿಕೊಳ್ಳಲು ಅನುವಾಗುವಂತೆ ಮಾರುವವರು ತಿಳಿಸಬೇಕು. ತಿಳಿಸದಿದ್ದರೆ ಅಪಾಯ ಮಾರುವವರ ಮೇಲೆಯೇ ಉಳಿಯುತ್ತದೆ. 1930ರಲ್ಲಿಯೇ ಇಷ್ಟು ಎಚ್ಚರವಿತ್ತು.

ಹೊಸ ಕಾನೂನಿನ ದಿಕ್ಕು ಇನ್ನೂ ಸ್ಪಷ್ಟ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈಯಲ್ಲಿ ಜಾರಿಗೆ ಬಂತು, ಅದೇ ತಿಂಗಳು ಇ-ಕಾಮರ್ಸ್ ನಿಯಮಗಳೂ ಬಂದವು. ಸರಕು ದೋಷಯುಕ್ತವಾಗಿದ್ದರೆ, ಹೇಳಿದಂತೆ ಇಲ್ಲದಿದ್ದರೆ, ಹೇಳಿದ ಅವಧಿ ಮೀರಿ ತಲುಪಿದರೆ, ಹಿಂದಕ್ಕೆ ತೆಗೆದುಕೊಳ್ಳಲು ಅಥವಾ ಹಣ ಮರಳಿಸಲು ಮಾರುವವರು ನಿರಾಕರಿಸುವಂತಿಲ್ಲ. ತಡವಾದದ್ದಕ್ಕೆ ಪ್ರವಾಹ, ಮುಷ್ಕರದಂಥ ಕೈಮೀರಿದ ಕಾರಣವಿದ್ದರೆ ಮಾತ್ರ ಆ ತಡಕ್ಕೆ ವಿನಾಯಿತಿ. ತಡವಾದದ್ದಕ್ಕೇ ಹೀಗಿದ್ದರೆ, ತಲುಪದೇ ಹೋದದ್ದಕ್ಕೆ ‘ನಮಗೆ ಸಂಬಂಧವಿಲ್ಲ’ ಎನ್ನುವುದು ಹೇಗೆ? ಗ್ರಾಹಕರು ತಾವು ವಾಸಿಸುವ ಅಥವಾ ಕೆಲಸ ಮಾಡುವ ಊರಿನ ಜಿಲ್ಲಾ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡಬಹುದು. ಇಳಕಲ್ಲಿನ ಅಂಗಡಿಯ ಮೇಲೆ ಗುವಾಹಾಟಿಯಲ್ಲಿ ಕೇಸು ಬೀಳಬಹುದು. ಎರಡು ಸಾವಿರದ ಸೀರೆಗೆ ಅಲ್ಲಿಗೆ ವಕೀಲರನ್ನು ಕಳಿಸುವ ಶಕ್ತಿ ಯಾವ ಸಣ್ಣ ಅಂಗಡಿಗಿದೆ?

ಬ್ರಿಟನ್ ಈ ಪ್ರಶ್ನೆಯನ್ನು ಗೊಂದಲಕ್ಕೆ ಎಡೆಯಿಲ್ಲದಂತೆ ಮುಗಿಸಿದೆ. ಅಲ್ಲಿನ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯ 29ನೇ ಸೆಕ್ಷನ್ ಪ್ರಕಾರ ಸರಕು ಗ್ರಾಹಕರ ಕೈಗೆ ಬರುವ ತನಕ ಅಪಾಯ ವ್ಯಾಪಾರಿಯದೇ. ಗ್ರಾಹಕರೇ ತಮ್ಮ ಆಯ್ಕೆಯ ಸಾಗಣೆದಾರರನ್ನು ಗೊತ್ತುಮಾಡಿಕೊಂಡರೆ ಮಾತ್ರ ಬೇರೆ. ಯುರೋಪಿಯನ್ ಒಕ್ಕೂಟದ 2011ರ ನಿರ್ದೇಶನದಲ್ಲಿಯೂ ಇದೇ ನಿಯಮವಿದೆ. ಅಲ್ಲಿನ ಗ್ರಾಹಕರಿಗೆ ‘ತಲುಪುವ ಖಾತ್ರಿ’ಯನ್ನು ಹಣಕ್ಕೆ ಮಾರುವುದೆಂದರೆ ಅವರಿಗೆ ಕಾನೂನು ಈಗಾಗಲೇ ಕೊಟ್ಟಿರುವುದನ್ನೇ ಮತ್ತೆ ಮಾರಿದಂತೆ. ನಮ್ಮಲ್ಲಿ ಅಷ್ಟು ನೇರವಾದ ವಾಕ್ಯವಿಲ್ಲ. ಆದರೂ 2020ರ ನಿಯಮಗಳ ನಡೆ ಅತ್ತಲೇ ಇದೆ.

ಸಾಗಿಸುವವರು ಎಷ್ಟು ಕೊಡುತ್ತಾರೆ?

‘ಕೊರಿಯರ್‌ನವರು ಕಳೆದರೆ ಕೊರಿಯರ್‌ನವರೇ ಕೊಡುತ್ತಾರೆ’ ಎಂಬ ನಂಬಿಕೆ ವ್ಯಾಪಕವಾಗಿದೆ. ಅವರು ಕೊಡುತ್ತಾರೆ, ಆದರೆ ಬಹಳ ಕಡಿಮೆ.

ಅಂಚೆಯಿಂದ ಶುರು ಮಾಡೋಣ. 1898ರ ಅಂಚೆ ಕಚೇರಿ ಕಾಯ್ದೆ ಇಲಾಖೆಗೆ ನಷ್ಟ, ಹಾನಿ, ವಿಳಂಬದ ಹೊಣೆಯಿಂದ ದೊಡ್ಡ ರಕ್ಷಣೆ ಕೊಟ್ಟಿತ್ತು. ಅದರ ಜಾಗಕ್ಕೆ ಬಂದ, 2024ರ ಜೂನ್‌ನಲ್ಲಿ ಜಾರಿಯಾದ 2023ರ ಕಾಯ್ದೆಯೂ ನಿಯಮಗಳಲ್ಲಿ ಹೇಳಿದಷ್ಟು ಹೊಣೆಯನ್ನು ಬಿಟ್ಟರೆ ಬೇರೆ ಹೊಣೆ ಇಲ್ಲ ಎನ್ನುತ್ತದೆ. ಸ್ಪೀಡ್ ಪೋಸ್ಟ್ ಕಳೆದರೆ ಬಹುಕಾಲದಿಂದ ಇರುವ ಪರಿಹಾರ ಇಷ್ಟು: ಕಟ್ಟಿದ ಶುಲ್ಕದ ಎರಡು ಪಟ್ಟು ಅಥವಾ 1000 ರೂಪಾಯಿ, ಯಾವುದು ಕಡಿಮೆಯೋ ಅದು. 70 ರೂಪಾಯಿ ಕಟ್ಟಿ ಕಳಿಸಿದ 3000 ರೂಪಾಯಿಯ ಸೀರೆಗೆ 140 ರೂಪಾಯಿ ಬರುತ್ತದೆ. ಪ್ರತ್ಯೇಕ ಶುಲ್ಕ ಕಟ್ಟಿ ಬೆಲೆಗೆ ವಿಮೆ ಮಾಡಿಸಿದರೆ ಮಾತ್ರ ಬೆಲೆಯ ಮಾತು.

ರಸ್ತೆಯ ಸಾಗಣೆಯ ಕಥೆ ಇನ್ನೂ ಹಳೆಯದು. 1865ರ ಸಾಗಣೆದಾರರ ಕಾಯ್ದೆಯಲ್ಲಿ ಒಂದು ಪಟ್ಟಿ ಇತ್ತು. ರೇಷ್ಮೆ, ಗಾಜು, ಪಿಂಗಾಣಿ, ಗಂಧದ ಮರದ ವಸ್ತುಗಳೆಲ್ಲ ಅದರಲ್ಲಿದ್ದವು. ಅಂಥ ಸರಕಿನ ಬೆಲೆ 100 ರೂಪಾಯಿ ದಾಟಿದ್ದು, ಅದನ್ನು ಮೊದಲೇ ಘೋಷಿಸದಿದ್ದರೆ ಸಾಗಿಸುವವರು ಹೊಣೆಯಲ್ಲ. ಮೈಸೂರು ಸೀಮೆಯ ಹೆಮ್ಮೆಯ ಸರಕುಗಳೇ ಆ ಪಟ್ಟಿಯಲ್ಲಿದ್ದುದನ್ನು ಗಮನಿಸಿ. ಆ ಕಾಯ್ದೆಯನ್ನು ತೆಗೆದುಹಾಕಿ ತಂದ 2007ರ ರಸ್ತೆ ಸಾಗಣೆ ಕಾಯ್ದೆ 2011ರ ಮಾರ್ಚ್‌ನಿಂದ ಜಾರಿಯಲ್ಲಿದೆ. ಕೊರಿಯರ್ ಸಂಸ್ಥೆಗಳೂ ಅದರ ವ್ಯಾಪ್ತಿಗೆ ಬರುತ್ತವೆ. ಹೆಚ್ಚಿನ ಬೆಲೆ ಘೋಷಿಸಿ ಅದಕ್ಕೆ ತಕ್ಕ ದರ ಕೊಡದಿದ್ದರೆ, ಪರಿಹಾರ ಸಾಗಣೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ಬಾಡಿಗೆ 80 ರೂಪಾಯಿ ಆದರೆ ಗರಿಷ್ಠ 800. ದಾವೆ ಹೂಡಬೇಕಾದರೆ ಬುಕಿಂಗ್ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕು.

ಲಾರಿ ಆಫೀಸುಗಳಲ್ಲಿ ರಸೀದಿ ಬರೆಯುವಾಗ ‘ಓನರ್ಸ್ ರಿಸ್ಕಾ, ಕ್ಯಾರಿಯರ್ಸ್ ರಿಸ್ಕಾ’ ಎಂದು ಕೇಳುವುದು ಇದಕ್ಕೇ. ಮೊದಲನೆಯದರಲ್ಲಿ ಬಾಡಿಗೆ ಕಡಿಮೆ, ನಷ್ಟ ನಿಮ್ಮದು. ಎರಡನೆಯದರಲ್ಲಿ ಬೆಲೆಯ ಮೇಲೆ ಶೇಕಡಾವಾರು ಹೆಚ್ಚು ದರ, ನಷ್ಟ ಅವರದು. ಆತುರದಲ್ಲಿ ಬಹುತೇಕರು ಮೊದಲನೆಯದಕ್ಕೆ ತಲೆಯಾಡಿಸಿ ಬಂದಿರುತ್ತಾರೆ.

ರಸೀದಿಯ ಹಿಂದಿನ ಸಣ್ಣ ಅಕ್ಷರಕ್ಕೆ ಎಷ್ಟು ಬಲವಿದೆ ಎಂಬುದನ್ನು ಸುಪ್ರೀಂ ಕೋರ್ಟ್ 1996ರಲ್ಲಿ ಭಾರತಿ ನಿಟ್ಟಿಂಗ್ ಕಂಪನಿ ಮತ್ತು ಡಿಎಚ್‌ಎಲ್ ನಡುವಿನ ಪ್ರಕರಣದಲ್ಲಿ ಹೇಳಿತು. ಜರ್ಮನಿಗೆ ಕಳಿಸಿದ ದಾಖಲೆಗಳು ಸಮಯಕ್ಕೆ ತಲುಪದೆ ಕಂಪನಿಗೆ ದೊಡ್ಡ ನಷ್ಟವಾಗಿತ್ತು. ಆದರೆ ಸಹಿ ಮಾಡಿದ ಕಾಗದದಲ್ಲಿ ಹೊಣೆ 100 ಡಾಲರಿಗೆ ಸೀಮಿತ ಎಂದಿತ್ತು. ಸಹಿ ಮಾಡಿದವರು ಷರತ್ತಿಗೆ ಬದ್ಧರು ಎಂದು ಕೋರ್ಟ್ ಆ ಮಿತಿಯನ್ನೇ ಎತ್ತಿಹಿಡಿಯಿತು. ಇದಕ್ಕೆ ಎದುರಾಗಿ, 2000ದಲ್ಲಿ ಪಟೇಲ್ ರೋಡ್‌ವೇಸ್ ಮತ್ತು ಬಿರ್ಲಾ ಯಮಾಹಾ ಪ್ರಕರಣದಲ್ಲಿ ಅದೇ ಕೋರ್ಟ್ ಸಾಮಾನ್ಯ ಸಾಗಣೆದಾರರ ಹೊಣೆ ಬಹುಮಟ್ಟಿಗೆ ವಿಮೆ ಮಾಡಿದವರ ಹೊಣೆಯಂಥದ್ದು, ಅವರ ನಿರ್ಲಕ್ಷ್ಯವನ್ನು ಸರಕಿನ ಒಡೆಯರು ಸಾಬೀತು ಮಾಡಬೇಕಿಲ್ಲ ಎಂದಿತು. ಎರಡನ್ನೂ ಒಟ್ಟಿಗಿಟ್ಟು ನೋಡಿದರೆ ತಾತ್ಪರ್ಯ ತಿಳಿಯುತ್ತದೆ. ಸಾಗಿಸುವವರಿಗೆ ಹೊಣೆ ಇದೆ, ಆದರೆ ಅದರ ಮೊತ್ತವನ್ನು ಒಪ್ಪಂದ ಕುಗ್ಗಿಸಬಲ್ಲದು. ಗಿರಾಕಿಗೆ ಅಂಗಡಿ ಕೊಡಬೇಕಾದದ್ದಕ್ಕೂ ಅಂಗಡಿಗೆ ಸಾಗಣೆದಾರರು ಕೊಡುವುದಕ್ಕೂ ನಡುವೆ ಒಂದು ಕಂದಕವಿದೆ. ಸಾಗಣೆ ವಿಮೆಗೆ ಕೆಲಸವಿರುವುದು ಆ ಕಂದಕದಲ್ಲಿ.

ವಿಮೆ ಏನನ್ನು ತುಂಬಿಕೊಡುತ್ತದೆ?

ಲಾರಿಯಲ್ಲಿ ಹೋಗುವ ಸರಕಿನ ವಿಮೆಯನ್ನೂ ನಮ್ಮ ವಿಮಾ ಕಂಪನಿಗಳು ‘ಮರೀನ್’ (ಸಮುದ್ರ) ವಿಭಾಗದಲ್ಲಿಯೇ ನಡೆಸುತ್ತವೆ. ಒಳನಾಡಿನ ಸಾಗಣೆಗೆ ಎ, ಬಿ, ಸಿ ಎಂದು ಮೂರು ಮಟ್ಟದ ಷರತ್ತುಗಳಿವೆ. ಸಿ ಅಂದರೆ ಬೆಂಕಿ ಮತ್ತು ಸಿಡಿಲು ಮಾತ್ರ. ಬಿ ಅಂದರೆ ಅದರ ಜೊತೆಗೆ ವಾಹನ ಡಿಕ್ಕಿ, ಮಗುಚುವುದು, ಹಳಿ ತಪ್ಪುವುದು, ಸೇತುವೆ ಕುಸಿತದಂಥವು. ಎ ಅಂದರೆ ಹೊರತುಪಡಿಸಿದ ಕಾರಣಗಳನ್ನು ಬಿಟ್ಟು ಉಳಿದೆಲ್ಲ ಅಪಾಯ. ಸಣ್ಣ ಪಾರ್ಸೆಲ್ಲಿನ ನಿಜವಾದ ವೈರಿಗಳು ಕಳೆದುಹೋಗುವುದು, ಕಳವು, ಎಸೆದಾಟದಲ್ಲಿ ಒಡೆಯುವುದು, ಮಳೆ. ಸೇತುವೆ ಕುಸಿಯುವುದು ಅಪರೂಪ. ಆದ್ದರಿಂದ ಎ ಮಟ್ಟದ ರಕ್ಷಣೆ ಇಲ್ಲದ ಪಾಲಿಸಿ ಅಗ್ಗವಾಗಿ ಸಿಕ್ಕರೂ ಆನ್‌ಲೈನ್ ಅಂಗಡಿಗೆ ಪ್ರಯೋಜನ ಕಡಿಮೆ.

ಎ ಮಟ್ಟದಲ್ಲಿಯೂ ಹೊರಗುಳಿಯುವ ಕೆಲವು ಕಾರಣಗಳಿವೆ. ಪ್ಯಾಕಿಂಗ್ ಸಾಲದಿದ್ದರೆ ಇಲ್ಲ. ಸರಕಿನದೇ ಗುಣದಿಂದ ಕೆಟ್ಟರೆ ಇಲ್ಲ. ಸಾಮಾನ್ಯ ಸೋರಿಕೆಗೆ ಇಲ್ಲ. ತಡವಾದದ್ದರಿಂದ ಆದ ನಷ್ಟಕ್ಕೆ ಇಲ್ಲ. ಇವನ್ನು ನಮ್ಮ ಸರಕುಗಳಿಗೆ ಅನ್ವಯಿಸಿ ನೋಡಿ. ಗಾಜಿನ ಜಾಡಿಯ ಮುಚ್ಚಳ ಸಡಿಲವಾಗಿ ಉಪ್ಪಿನಕಾಯಿ ಎಣ್ಣೆ ಸೋರಿದರೆ ಕ್ಲೇಮ್ ಬಿದ್ದುಹೋಗುತ್ತದೆ. ಧಾರವಾಡ ಪೇಡ, ಬೆಳಗಾವಿ ಕುಂದಾ ನಾಲ್ಕು ದಿನ ತಡವಾಗಿ ಹಳಸಿದರೆ ಅದೂ ಬೀಳುತ್ತದೆ. ಖಾನಾಪುರದ ಮಣ್ಣಿನ ಕುಡಿಕೆಯನ್ನು ಬರೀ ದಿನಪತ್ರಿಕೆಯಲ್ಲಿ ಸುತ್ತಿ ಕಳಿಸಿದ್ದರೆ ‘ಪ್ಯಾಕಿಂಗ್ ಸಾಲದು’ ಎಂಬ ಒಂದೇ ಸಾಲಿನ ಉತ್ತರ ಬರುತ್ತದೆ. ಸೀರೆ, ಮರದ ಗೊಂಬೆ, ಲೋಹದ ಬಿದರಿ ಸಾಮಾನಿಗೆ ಮಾತ್ರ ವಿಮೆ ಚೆನ್ನಾಗಿ ಒದಗುತ್ತದೆ. ಹೀಗಾಗಿ ಪ್ರೀಮಿಯಂ ಎಷ್ಟು ಎಂದು ವಿಚಾರಿಸುವ ಮೊದಲು ಅಂಗಡಿಯವರು ಕೇಳಬೇಕಾದದ್ದು: ನನ್ನ ಸರಕು ಹಾಳಾಗುವ ಬಗೆಗಳಲ್ಲಿ ಈ ಪಾಲಿಸಿ ಎಷ್ಟನ್ನು ಒಪ್ಪುತ್ತದೆ?

ಪಾಲಿಸಿ ಕೊಳ್ಳುವ ಬಗೆಯೂ ಬೇರೆ ಬೇರೆ. ವರ್ಷದ ಒಟ್ಟು ವಹಿವಾಟನ್ನು ಅಂದಾಜಿಸಿ ಒಂದೇ ಓಪನ್ ಪಾಲಿಸಿ ತೆಗೆದುಕೊಳ್ಳಬಹುದು. ಹಲವು ಕೊರಿಯರ್‌ಗಳನ್ನು ಒಂದೇ ಕಡೆ ಒದಗಿಸುವ ಸಂಸ್ಥೆಗಳ ಮೂಲಕ ಪಾರ್ಸೆಲ್ ಪಾರ್ಸೆಲ್ಲಿಗೂ ಕೊಳ್ಳಬಹುದು. ಬೆಲೆಬಾಳುವ ಒಂದೆರಡಕ್ಕೆ ಮಾತ್ರ ಅಂಚೆಯಲ್ಲಿ ವಿಮೆ ಮಾಡಿಸಬಹುದು. ಎಲ್ಲದಕ್ಕೂ ಒಂದು ನಿಯಮ ಸಾಮಾನ್ಯ: ವಿಮೆ ನಷ್ಟವನ್ನು ಭರಿಸುತ್ತದೆ, ಲಾಭ ಮಾಡಿಕೊಡುವುದಿಲ್ಲ. ಪರಿಹಾರ ಕೊಟ್ಟ ಮೇಲೆ ಸಾಗಣೆದಾರರಿಂದ ವಸೂಲಿ ಮಾಡುವ ಹಕ್ಕು ವಿಮಾ ಕಂಪನಿಗೆ ಹೋಗುತ್ತದೆ. ಹಾಗಾಗಿ ಹಾನಿ ಕಂಡ ಕೂಡಲೇ ಸಾಗಣೆದಾರರಿಗೂ ಲಿಖಿತವಾಗಿ ದೂರು ಕೊಟ್ಟಿರಬೇಕು. ಇದನ್ನು ಮರೆತರೆ, ವಸೂಲಿಯ ದಾರಿ ಮುಚ್ಚಿಬಿಟ್ಟಿರಿ ಎಂದು ಕಂಪನಿ ಕ್ಲೇಮಿಗೇ ತಕರಾರು ತೆಗೆಯಬಹುದು.

ಗ್ರಾಹಕರಿಗೆ ವಿಮೆ ಮಾರುವುದು: ಪರ ಮತ್ತು ವಿರೋಧ

ಚೆಕ್‌ಔಟ್ ಪುಟದಲ್ಲಿ ಐಚ್ಛಿಕ ವಿಮೆ ಇಡುವವರ ವಾದಗಳನ್ನು ಗೌರವದಿಂದಲೇ ಕೇಳಬೇಕು. ಮೊದಲನೆಯದು, ಪಕ್ಕದ ರಾಮನಗರದ ಗಿರಾಕಿ ಮಣಿಪುರದ ಗಿರಾಕಿಯ ಅಪಾಯಕ್ಕೆ ಏಕೆ ಹಣ ಕೊಡಬೇಕು? ಎರಡನೆಯದು, ಎಲ್ಲರ ಬೆಲೆಯಲ್ಲೂ ಸೇರಿಸಿದರೆ ಸರಕು ದುಬಾರಿಯಾಗಿ ಕಾಣುತ್ತದೆ. ಪಕ್ಕದ ಅಂಗಡಿಗಿಂತ 20 ರೂಪಾಯಿ ಹೆಚ್ಚಾದರೆ ಗಿರಾಕಿ ಅತ್ತ ಹೋಗುತ್ತಾರೆ. ಮೂರನೆಯದು, ಲಾಭವೇ ತೆಳುವಾಗಿರುವ ವ್ಯಾಪಾರದಲ್ಲಿ ಒಂದು ನಷ್ಟವನ್ನೂ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ. ಅಮೆರಿಕದಲ್ಲಿ ಚೆಕ್‌ಔಟ್‌ನಲ್ಲಿ ಪಾರ್ಸೆಲ್ ರಕ್ಷಣೆ ಮಾರುವುದೇ ಒಂದು ಉದ್ಯಮವಾಗಿ ಬೆಳೆದಿರುವುದೂ ಇವರ ಬೆನ್ನಿಗಿದೆ.

ಮೂರೂ ವಾದಗಳಲ್ಲಿ ಸತ್ಯವಿದೆ. ಆದರೂ ಅವು ನಿಲ್ಲುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಗಿರಾಕಿ ಹಣ ಕೊಡುವುದು ಚನ್ನಪಟ್ಟಣದಲ್ಲಿರುವ ಗೊಂಬೆಗಲ್ಲ, ತನ್ನ ಮನೆಗೆ ಬಂದು ಸೇರುವ ಗೊಂಬೆಗೆ. ಅದು ಬಂದು ಸೇರುವುದೇ ಮೂಲ ವ್ಯವಹಾರ. ಹೋಟೆಲಿನಲ್ಲಿ ದೋಸೆಗೊಂದು ಬೆಲೆ, ಅದು ಮೇಜಿನವರೆಗೆ ಬೀಳದೆ ಬರಲು ಇನ್ನೊಂದು ಬೆಲೆ ಎಂದರೆ ಯಾರು ಒಪ್ಪುತ್ತಾರೆ? ವಿಮೆ ಕೊಳ್ಳದ ಗಿರಾಕಿಯ ಪಾರ್ಸೆಲ್ ಕಳೆದರೆ ಅಂಗಡಿ ಕೈಚೆಲ್ಲುತ್ತದೆಯೇ? ಚೆಲ್ಲಿದರೆ ಗ್ರಾಹಕ ನಿಯಮದ ಎದುರು ನಿಲ್ಲುವುದು ಕಷ್ಟ, ಒಳ್ಳೆಯ ಹೆಸರೂ ಹೋಗುತ್ತದೆ. ಚೆಲ್ಲದೆ ಅವರಿಗೂ ಹಣ ಮರಳಿಸಿದರೆ, ವಿಮೆ ಕೊಂಡ ಗಿರಾಕಿಗೆ 30 ರೂಪಾಯಿಗೆ ಸಿಕ್ಕಿದ್ದೇನು? ಎರಡು ಕಡೆಯಿಂದಲೂ ಆ ಚೌಕಕ್ಕೆ ನೆಲೆಯಿಲ್ಲ.

ಕಾನೂನಿನ ಬೇಲಿಗಳೂ ಇವೆ. ವಿಮೆಯ ವ್ಯವಹಾರ ನಡೆಸಲು 1938ರ ವಿಮಾ ಕಾಯ್ದೆಯಂತೆ ನೋಂದಣಿ ಬೇಕು. ಯಾವ ವಿಮಾ ಕಂಪನಿಯೂ ಹಿಂದೆ ಇಲ್ಲದೆ, ಹಣ ಪಡೆದು ‘ಇನ್ಶೂರೆನ್ಸ್’ ಎಂದು ಅಂಗಡಿಯೇ ಕೊಡುವ ಭರವಸೆ ತೊಂದರೆಗೆ ದಾರಿ. ‘ಒಡೆದರೆ ಬದಲಿ ಕಳಿಸುತ್ತೇವೆ’ ಎಂಬುದು ಮಾರಾಟದ ಷರತ್ತು, ಅದನ್ನು ಯಾರು ಬೇಕಾದರೂ ಕೊಡಬಹುದು. ಮೊದಲೇ ಟಿಕ್ ಮಾಡಿಟ್ಟ ಚೌಕವನ್ನು ಗ್ರಾಹಕರ ಒಪ್ಪಿಗೆ ಎಂದು ಎಣಿಸುವಂತಿಲ್ಲ ಎಂದು 2020ರ ಇ-ಕಾಮರ್ಸ್ ನಿಯಮಗಳು ಹೇಳುತ್ತವೆ. 2023ರ ನವೆಂಬರ್ 30ರಂದು ಬಂದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಗಳು ಗ್ರಾಹಕರನ್ನು ದಾರಿತಪ್ಪಿಸುವ 13 ವಿನ್ಯಾಸಗಳನ್ನು ಪಟ್ಟಿ ಮಾಡಿವೆ. ಕೇಳದೆ ಬುಟ್ಟಿಗೆ ಏನನ್ನಾದರೂ ಸೇರಿಸುವುದು ಅವುಗಳಲ್ಲೊಂದು. ವಿಮಾನದ ಟಿಕೆಟ್ ಕೊಳ್ಳುವಾಗ ಪ್ರಯಾಣ ವಿಮೆ ತಾನಾಗಿ ಸೇರಿಕೊಳ್ಳುವುದನ್ನೇ ಅಲ್ಲಿ ಉದಾಹರಿಸಲಾಗಿದೆ. ವಿಮೆ ಬೇಡವೆನ್ನಲು ‘ನಾನು ಅಸುರಕ್ಷಿತನಾಗಿಯೇ ಇರುತ್ತೇನೆ’ ಎಂಬ ಗುಂಡಿ ಒತ್ತಿಸಿ ನಾಚಿಸುವುದು ಇನ್ನೊಂದು. ಕೊನೆಯ ಪುಟದಲ್ಲಿ ಹೊಸ ಶುಲ್ಕ ತೆರೆದಿಡುವುದು ಮತ್ತೊಂದು. ನಿಯಮ ರೂಪಿಸಿದವರು ವಿಮೆಯ ಉದಾಹರಣೆಯನ್ನೇ ಮತ್ತೆ ಮತ್ತೆ ಎತ್ತಿಕೊಂಡದ್ದು ಆಕಸ್ಮಿಕವಲ್ಲ. ಭಯವನ್ನು ಮಾರುವುದು ಸುಲಭವಾದ್ದರಿಂದಲೇ ಅಲ್ಲಿ ದುರುಪಯೋಗ ಹೆಚ್ಚು.

ಅಮೆರಿಕದಿಂದಲೇ ಬಂದ ಎದುರು ಉದಾಹರಣೆಯನ್ನೂ ನೋಡಬೇಕು. ಕರಕುಶಲ ವಸ್ತುಗಳ ಮಾರುಕಟ್ಟೆ ಎಟ್ಸಿ 2022ರ ಆಗಸ್ಟ್‌ನಿಂದ, ಅರ್ಹವಾದ 250 ಡಾಲರ್‌ವರೆಗಿನ ಆರ್ಡರುಗಳು ತಲುಪದಿದ್ದರೆ ಅಥವಾ ಒಡೆದು ತಲುಪಿದರೆ ಗ್ರಾಹಕರಿಗೆ ತಾನೇ ಹಣ ಮರಳಿಸಿ, ಮಾರಿದವರ ಹಣವನ್ನೂ ಅವರಿಗೇ ಬಿಡುವ ಏರ್ಪಾಡು ಮಾಡಿತು. ಅಲ್ಲಿನ ಅಂಚೆ ಇಲಾಖೆ ತನ್ನ ಪ್ರಯಾರಿಟಿ ಮೇಲ್‌ನ ದರದಲ್ಲಿಯೇ 100 ಡಾಲರ್ ವಿಮೆಯನ್ನು ಸೇರಿಸಿ ಕೊಡುತ್ತದೆ. ಅಂದರೆ ವಿಮೆಯನ್ನು ಗ್ರಾಹಕರಿಗೆ ಬಿಡಿಯಾಗಿ ಮಾರುವ ದೇಶದಲ್ಲಿಯೇ, ಅದನ್ನು ವ್ಯವಸ್ಥೆಯೊಳಗೆ ಅಡಗಿಸಿ ಗ್ರಾಹಕರ ತಲೆಯಿಂದ ಇಳಿಸುವ ದಾರಿಯೂ ಚೆನ್ನಾಗಿ ನಡೆದಿದೆ.

ಲೆಕ್ಕ ಏನು ಹೇಳುತ್ತದೆ?

ಕಾಲ್ಪನಿಕವಾದ ಒಂದು ಗೊಂಬೆ ಅಂಗಡಿ ಇಟ್ಟುಕೊಳ್ಳೋಣ. ತಿಂಗಳಿಗೆ 200 ಪಾರ್ಸೆಲ್, ಒಂದೊಂದರ ಬೆಲೆ 1000 ರೂಪಾಯಿ. ನೂರಕ್ಕೆ ಒಂದು ಹಾಳಾಗುತ್ತದೆ ಎಂದುಕೊಳ್ಳಿ, ಅಂದರೆ ತಿಂಗಳಿಗೆ ಎರಡು. ಬದಲಿ ಕಳಿಸಲು ತಯಾರಿಕೆಯ ವೆಚ್ಚ 600, ಮತ್ತೆ ಕೊರಿಯರ್ 80. ಎರಡಕ್ಕೆ 1360 ರೂಪಾಯಿ. 200 ಪಾರ್ಸೆಲ್ಲಿಗೆ ಹಂಚಿದರೆ ತಲಾ 6 ರೂಪಾಯಿ 80 ಪೈಸೆ. ಇಷ್ಟನ್ನು ಬೆಲೆಯಲ್ಲಿ ಸೇರಿಸಿದರೆ ಯಾರಿಗೂ ಹೊರೆಯಲ್ಲ. ಇದೇ ಅಂಗಡಿ 30 ರೂಪಾಯಿಯ ಚೌಕ ಇಟ್ಟು ಅರ್ಧದಷ್ಟು ಜನ ಒತ್ತಿದರೆ 3000 ರೂಪಾಯಿ ಬರುತ್ತದೆ, ಅವರ ಪಾಲಿನ ನಷ್ಟ 680. ಉಳಿದದ್ದು ಗಿರಾಕಿಯ ಅಂಜಿಕೆಯಿಂದ ಬಂದ ಲಾಭ. ಆ ಲಾಭದ ರುಚಿ ಹತ್ತಿದ ಅಂಗಡಿಗೆ ಪ್ಯಾಕಿಂಗ್ ಸುಧಾರಿಸುವ ಆಸಕ್ತಿ ಎಲ್ಲಿಂದ ಬರಬೇಕು?

ಅಗ್ಗದ, ಹೆಚ್ಚು ಸಂಖ್ಯೆಯ ಸರಕಿಗೆ ವಿಮಾ ಕಂಪನಿಯೂ ಬೇಕಿಲ್ಲ. ಪ್ರತಿ ಪಾರ್ಸೆಲ್ಲಿಗೆ ಹತ್ತು ರೂಪಾಯಿಯಂತೆ ಬೇರೆ ಖಾತೆಯಲ್ಲಿ ಎತ್ತಿಟ್ಟರೆ ಅದೇ ನಷ್ಟದ ನಿಧಿ. ಕ್ಲೇಮ್ ಅರ್ಜಿ, ಸರ್ವೇಯರ್, ವಾರಗಟ್ಟಲೆ ಕಾಯುವುದು ಯಾವುದೂ ಇಲ್ಲ.

ಲೆಕ್ಕ ತಲೆಕೆಳಗಾಗುವುದು ಬೆಲೆಬಾಳುವ, ಕಡಿಮೆ ಸಂಖ್ಯೆಯ ಸರಕಿನಲ್ಲಿ. ತಿಂಗಳಿಗೆ ಐದೇ ಬಿದರಿ ಸಾಮಾನು ಮಾರುವವರ 20,000 ರೂಪಾಯಿಯ ಒಂದು ಹೂಜಿ ಕಳೆದರೆ, ಸರಾಸರಿಯ ಸಮಾಧಾನ ಅವರಿಗೆ ಸಿಗುವುದಿಲ್ಲ. ಎರಡು ವರ್ಷ ಏನೂ ಆಗದೆ ಇರಬಹುದು, ಒಂದೇ ವಾರದಲ್ಲಿ ಎರಡು ಹೋಗಬಹುದು. ರೇಷ್ಮೆ ಸೀರೆ, ಚಿತ್ರಕಲೆ, ವೀಣೆಯಂಥ ವಾದ್ಯ ಕಳಿಸುವವರಿಗೂ ಹೀಗೆಯೇ. ಇವರು ಪೂರ್ತಿ ಬೆಲೆಗೆ ವಿಮೆ ಮಾಡಿಸಲೇಬೇಕು, ಪ್ರೀಮಿಯಮ್ಮನ್ನು ಬೆಲೆಯಲ್ಲಿಯೇ ಸೇರಿಸಬೇಕು. ಒಂದು ಮಿತಿ ಗೊತ್ತುಮಾಡಿಕೊಂಡು, ಅದರ ಕೆಳಗಿನದಕ್ಕೆ ಸ್ವಂತ ನಿಧಿ, ಮೇಲಿನದಕ್ಕೆ ವಿಮೆ ಎಂಬ ಮಿಶ್ರ ಪದ್ಧತಿ ಬಹುತೇಕ ಅಂಗಡಿಗಳಿಗೆ ಹೊಂದುತ್ತದೆ. ಮಿತಿ ಎಷ್ಟು? ಒಂದೇ ಪಾರ್ಸೆಲ್ ಹೋದರೆ ಆ ತಿಂಗಳ ಮನೆಖರ್ಚು ಅಲುಗಾಡುವಷ್ಟು ಬೆಲೆ ಯಾವುದೋ ಅದೇ ಮಿತಿ.

ಜಿಎಸ್‌ಟಿ ನೋಂದಣಿ ಇರುವವರು ಇನ್ನೆರಡು ವಿಷಯ ಗಮನಿಸಬೇಕು. ಸರಕು, ಪ್ಯಾಕಿಂಗ್, ಸಾಗಣೆ, ವಿಮೆ ಎಲ್ಲವನ್ನೂ ಒಟ್ಟಾಗಿ ಕೊಟ್ಟರೆ ಅದು ಸಂಯುಕ್ತ ಪೂರೈಕೆ, ಸರಕಿನ ತೆರಿಗೆ ದರವೇ ಎಲ್ಲದಕ್ಕೂ ಅನ್ವಯ. 2017ರ ಜಿಎಸ್‌ಟಿ ಕಾಯ್ದೆ ಸಂಯುಕ್ತ ಪೂರೈಕೆಗೆ ಕೊಟ್ಟಿರುವ ಉದಾಹರಣೆಯೇ ಇದು. ಎರಡನೆಯದು, ಕಳೆದುಹೋದ ಅಥವಾ ನಾಶವಾದ ಸರಕಿನ ಮೇಲೆ ಪಡೆದ ಇನ್‌ಪುಟ್ ಕ್ರೆಡಿಟ್ಟನ್ನು ಹಿಂದಿರುಗಿಸಬೇಕು. ವಿಮೆಯ ಮೊತ್ತ ನಿರ್ಧರಿಸುವಾಗ ಇದನ್ನೂ ಸೇರಿಸದಿದ್ದರೆ ಪರಿಹಾರ ಬಂದ ಮೇಲೂ ಕೈಯಿಂದ ಹಣ ಹೋಗುತ್ತದೆ.

ಪ್ಯಾಕಿಂಗ್, ಸಾಕ್ಷಿ, ಮೋಸ

ಸಾಗಣೆ ನಷ್ಟದ ಮೊದಲ ಮದ್ದು ರಟ್ಟಿನ ಪೆಟ್ಟಿಗೆಯಲ್ಲಿದೆ. ಒಡೆಯುವ ವಸ್ತುವಿಗೆ ಎರಡು ಪೆಟ್ಟಿಗೆ, ನಡುವೆ ಎಲ್ಲ ಬದಿಗೂ ಮೆತ್ತೆ. ಸೀರೆಗೆ ಮೊದಲು ಪ್ಲಾಸ್ಟಿಕ್ ಹೊದಿಕೆ, ಆಮೇಲೆ ಪೆಟ್ಟಿಗೆ, ಅದರಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಉಪ್ಪಿನಕಾಯಿಗೆ ಗಾಜಿನ ಬದಲು ಸೀಲ್ ಮಾಡಿದ ದಪ್ಪ ಪೌಚ್. ಎದೆಯೆತ್ತರದಿಂದ ಪೆಟ್ಟಿಗೆಯನ್ನು ಮೂಲೆ ಕೆಳಗಾಗಿ ಬೀಳಿಸಿ ನೋಡಿ. ಒಳಗಿನದು ಉಳಿದರೆ ಮಾತ್ರ ಕಳಿಸಿ. ಹದಿನೈದು ರೂಪಾಯಿಯ ಹೆಚ್ಚುವರಿ ಪ್ಯಾಕಿಂಗ್ ಸಾವಿರ ರೂಪಾಯಿಯ ಕ್ಲೇಮನ್ನು ತಪ್ಪಿಸುತ್ತದೆ, ಕ್ಲೇಮ್ ಬಂದರೂ ಅದನ್ನು ಗೆಲ್ಲಿಸುತ್ತದೆ.

ಎರಡನೆಯದು ಸಾಕ್ಷಿ. ಪ್ಯಾಕ್ ಮಾಡುವಾಗ ಒಂದು ಚಿಕ್ಕ ವಿಡಿಯೊ, ತೂಕದ ಚೀಟಿ, ಬಿಲ್ಲು, ಕೊರಿಯರ್ ರಸೀದಿಯಲ್ಲಿ ನಿಜವಾದ ಬೆಲೆ. ಶುಲ್ಕ ಉಳಿಸಲು ಬೆಲೆ ಕಡಿಮೆ ಬರೆದವರಿಗೆ ಸಿಗುವುದೂ ಬರೆದಷ್ಟೇ. ವಿಮೆಯಲ್ಲಿ ಸತ್ಯ ಮುಚ್ಚಿಡುವುದು ಒಪ್ಪಂದವನ್ನೇ ಮುರಿಯುತ್ತದೆ.

ಮೂರನೆಯದು ಮೋಸದ ಭಯ. ಬಂದರೂ ಬಂದಿಲ್ಲವೆನ್ನುವವರು, ತಾವೇ ಒಡೆದು ಒಡೆದೇ ಬಂತೆನ್ನುವವರು ಇದ್ದಾರೆ. ಅದಕ್ಕೆ ಪರಿಹಾರ ಒಟಿಪಿ ಪಡೆದು ಕೊಡುವ ಡೆಲಿವರಿ, ಫೋಟೊ ಕೇಳುವುದು, ಮರಳಿ ಮರಳಿ ಅದೇ ದೂರು ತರುವ ವಿಳಾಸವನ್ನು ಗಮನಿಸುವುದು. ಆದರೆ ಕೆಲವರ ಮೋಸಕ್ಕೆ ಹೆದರಿ ‘ಪೆಟ್ಟಿಗೆ ಬಿಚ್ಚುವ ಪೂರ್ತಿ ವಿಡಿಯೊ ಇಲ್ಲದಿದ್ದರೆ ಏನೂ ಇಲ್ಲ’ ಎಂಬ ಷರತ್ತು ಹಾಕುವುದು ಅನ್ಯಾಯ. ಅರವತ್ತು ದಾಟಿದ ಅಮ್ಮನೊಬ್ಬರು ಮೊಮ್ಮಗನಿಗೆ ತರಿಸಿದ ಗೊಂಬೆಯ ಪೆಟ್ಟಿಗೆಯನ್ನು ಒಂದು ಕೈಯಲ್ಲಿ ಮೊಬೈಲ್ ಹಿಡಿದು ಕತ್ತರಿಸಬೇಕೆಂದು ಕೇಳುವುದು ಯಾವ ಗಿರಾಕಿಸೇವೆ? ಒಡೆದ ವಸ್ತುವಿನ ಮತ್ತು ಹೊರಪೆಟ್ಟಿಗೆಯ ಎರಡು ಫೋಟೊ ಸಾಕು.

ವಿಮೆ ಆಯ್ಕೆಯಾಗಿ ಇರಬೇಕಾದದ್ದು ಎಲ್ಲಿ?

ಗ್ರಾಹಕರಿಗೇ ಬಿಡಬೇಕಾದ ಸಂದರ್ಭಗಳೂ ಕೆಲವಿವೆ. ನ್ಯೂಜೆರ್ಸಿಯ, ಮೆಲ್ಬರ್ನಿನ ಕನ್ನಡ ಮನೆಗೆ ಹಬ್ಬಕ್ಕೆ ಸೀರೆ ಕಳಿಸುವಾಗ ದಾರಿ ಉದ್ದ, ಕೈಗಳು ಹಲವು, ಆ ದೇಶದ ಸುಂಕದ ತಪಾಸಣೆ ಬೇರೆ. ಅಲ್ಲಿ ಅಗ್ಗದ, ಟ್ರ್ಯಾಕಿಂಗ್ ಇಲ್ಲದ ದಾರಿ ಮತ್ತು ದುಬಾರಿಯ, ಪೂರ್ತಿ ವಿಮೆಯಿರುವ ದಾರಿ ಎರಡನ್ನೂ ಮುಂದಿಟ್ಟು, ಎರಡರ ಪರಿಣಾಮವನ್ನೂ ಬಿಡಿಸಿ ಹೇಳಿ ಆರಿಸಿಕೊಳ್ಳಲು ಬಿಡುವುದು ಪ್ರಾಮಾಣಿಕ ವ್ಯವಹಾರ. ಗ್ರಾಹಕರೇ ತಮ್ಮ ಪರಿಚಯದ ಬಸ್ ಪಾರ್ಸೆಲ್ಲಿನಲ್ಲಿ ಕಳಿಸಿ ಎಂದು ಹೇಳಿದಾಗಲೂ ಅಪಾಯ ಅವರದೆಂದು ಮೊದಲೇ ತಿಳಿಸಬಹುದು. ಬೆಲೆಗಿಂತ ಭಾವನೆಯ ಮೌಲ್ಯ ಹೆಚ್ಚಿರುವ, ಮತ್ತೆ ಮಾಡಲಾಗದ ವಸ್ತುವಿಗೂ ವಿಮೆಯ ಮಾತು ಎತ್ತಬೇಕು. ಅದಕ್ಕೆ ಹಣ ಸಿಗಬಹುದೇ ಹೊರತು ವಸ್ತು ಮರಳುವುದಿಲ್ಲ ಎಂಬುದನ್ನೂ ಹೇಳಬೇಕು. ಇಂಥ ಕಡೆ ಆಯ್ಕೆಯ ಚೌಕ ಖಾಲಿಯಾಗಿಯೇ ಇರಲಿ, ಯಾವ ಕಂಪನಿಯ ಪಾಲಿಸಿ, ಏನು ಸೇರಿದೆ, ಏನು ಸೇರಿಲ್ಲ ಎಂಬುದು ಪಕ್ಕದಲ್ಲಿಯೇ ಕನ್ನಡದಲ್ಲಿ ಬರೆದಿರಲಿ.

ಉಳಿದೆಲ್ಲ ಕಡೆ ಅಂಗಡಿಯ ಪುಟದಲ್ಲಿ ಇರಬೇಕಾದದ್ದು ನಾಲ್ಕು ಸಾಲು: ‘ಪಾರ್ಸೆಲ್ ನಿಮ್ಮ ಕೈಸೇರುವ ತನಕ ಹೊಣೆ ನಮ್ಮದು. ಒಡೆದು ಬಂದರೆ ಎರಡು ದಿನದೊಳಗೆ ಫೋಟೊ ಕಳಿಸಿ. ಹತ್ತು ದಿನವಾದರೂ ಬರದಿದ್ದರೆ ತಿಳಿಸಿ. ಬದಲಿ ಬೇಕೋ ಹಣ ಬೇಕೋ, ಆಯ್ಕೆ ನಿಮ್ಮದು.’ ಈ ಮಾತು ಕೊಡಲು ಧೈರ್ಯ ಬರಬೇಕಾದರೆ ಹಿಂದೆ ಪ್ಯಾಕಿಂಗ್ ಗಟ್ಟಿಯಿರಬೇಕು, ನಿಧಿ ಇರಬೇಕು, ಬೆಲೆಬಾಳುವ ಸರಕಿಗೆ ಪಾಲಿಸಿ ಇರಬೇಕು. ವಿಮೆ ಅಂಗಡಿಯ ಬೆನ್ನಿಗೆ ನಿಲ್ಲಲಿ, ಗಿರಾಕಿಯ ಬಿಲ್ಲಿನಲ್ಲಿ ಇನ್ನೊಂದು ಸಾಲಾಗುವುದು ಬೇಡ. ದೊಡ್ಡ ಕಂಪನಿಗಳ ದರದ ಜೊತೆ, ವೇಗದ ಜೊತೆ ಸಣ್ಣ ಅಂಗಡಿ ಪೈಪೋಟಿ ಮಾಡಲಾರದು. ಮುಖ ಕಾಣದ ಗಿರಾಕಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳುವುದರಲ್ಲಿ ಮಾತ್ರ ಅದು ಆ ಕಂಪನಿಗಳನ್ನು ಮೀರಬಲ್ಲದು, ಅದಕ್ಕೆ ತಗಲುವ ವೆಚ್ಚ ಪಾರ್ಸೆಲ್ಲಿಗೆ ಹತ್ತು ರೂಪಾಯಿಯ ಆಸುಪಾಸು.